ಮದುವೆಯ ದಿನ ರಾತ್ರಿ ಎಲ್ಲಿದ್ದಿರಿ?

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಹಲ್ಲಕ್ಕ ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ಹಲ್ಲಿನ ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ಒಸಡು ತಿದ್ದುವುದು, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ ಮಾಡಿ ಕಳಿಸುವುದು. “ಈ ಊರಿನ ಅರ್ಧ ಮುದುಕರು ನಾನು ಕೊಟ್ಟ ಹಲ್ಲಿನಿಂದಲೇ ಸೊಸೆಯರ ಮೇಲೆ ಹಲ್ಲು ಕಡೀತಾರೆ” ಎಂದು ತಮಾಷೆ ಮಾಡುತ್ತಿದ್ದಳು.

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಗಂಡ ತೀರಿಕೊಂಡಿದ್ದ. ಆಮೇಲೆ ಮನೆಯಲ್ಲಿ ಇಬ್ಬರೇ. ಬೆಳಿಗ್ಗೆ ಒಂದೇ ಕನ್ನಡಿಯ ಮುಂದೆ ನಿಂತು ಇಬ್ಬರೂ ಜಡೆ ಹಾಕಿಕೊಂಡು, ಒಬ್ಬಳು ಸ್ಕೂಲಿಗೆ, ಒಬ್ಬಳು ಲ್ಯಾಬಿಗೆ. ಮಗಳು ಓದಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದಳು, ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳ ತಾಯಿಯಾದಳು. ಅಳಿಯನದು ಔಷಧಿ ಕಂಪನಿಯ ಕೆಲಸ. ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತಬೇಕು. ಮಗಳಿಗೋ ಶಿಫ್ಟು. ಹಾಗಾಗಿ ಹಲ್ಲಕ್ಕ ತನ್ನ ಬಾಡಿಗೆ ಮನೆ ಬಿಟ್ಟು ಮಗಳ ಮನೆಗೆ ಬಂದಳು. ಲ್ಯಾಬಿಗೆ ಮಧ್ಯಾಹ್ನದವರೆಗೆ ಮಾತ್ರ ಹೋಗಿ, ಮಿಕ್ಕ ಹೊತ್ತು ಮೊಮ್ಮಕ್ಕಳನ್ನು ನೋಡಿಕೊಳ್ಳತೊಡಗಿದಳು. ಅದನ್ನು ಅವಳು ತ್ಯಾಗ ಗೀಗ ಅಂದುಕೊಂಡಿರಲಿಲ್ಲ. ಮಕ್ಕಳೆಂದರೆ ಅವಳಿಗೆ ಜೀವ.

ಐವತ್ತಾರನೆಯ ವಯಸ್ಸಿನಲ್ಲಿ ಅವಳ ಮೇಜಿನ ಮುಂದೆ ಲಿಫ್ಟಿನವರು ಬಂದು ನಿಂತರು. ಮೂವತ್ತು ವರ್ಷದಿಂದ ಹೊರದೇಶದಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಮನುಷ್ಯ, ಅಲ್ಲಿಯ ಪೌರತ್ವವನ್ನೂ ಪಡೆದಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಗ ಅಲ್ಲೇ ಬೇರೆ ಮನೆ ಮಾಡಿಕೊಂಡಿದ್ದ. ಎರಡು ತಿಂಗಳು ಅಣ್ಣನ ಮನೆಯಲ್ಲಿರೋಣ ಎಂದು ಬಂದವರು ಮುಖ ತೊಳೆಯುವಾಗ ಹಲ್ಲಿನ ಸೆಟ್ಟನ್ನು ಬೀಳಿಸಿ ಎರಡು ಹೋಳು ಮಾಡಿಕೊಂಡಿದ್ದರು. ಬಾಯಿಗೆ ಕೈ ಅಡ್ಡ ಹಿಡಿದು, “ಡಾಕ್ಟ್ರಮ್ಮ, ಇವತ್ತೇ ಸಿಗುತ್ತಾ?” ಎಂದರು.

“ನಾನು ಡಾಕ್ಟ್ರಲ್ಲ. ಕೈ ತೆಗೀರಿ, ಇಡೀ ದಿನ ನಾನು ನೋಡೋದೇ ಅದನ್ನ.”

ಸೆಟ್ ಅಂಟಿಸಿ ಕೊಟ್ಟಳು. ಎರಡು ದಿನ ಬಿಟ್ಟು ಅವರು ಬಿಗಿಯಾಯಿತೆಂದು ಬಂದರು. ನಾಲ್ಕು ದಿನ ಬಿಟ್ಟು ಸಡಿಲವಾಯಿತೆಂದು ಬಂದರು. ಮೂರನೆಯ ಸಲ ಹಲ್ಲಕ್ಕ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಹಲ್ಲು ಸರಿಯಾಗೇ ಇದೆ. ಬೇರೇನಾದ್ರೂ ಸಡಿಲ ಆಗಿದ್ರೆ ಹೇಳಿ” ಎಂದಳು. ಪಾಲಿಶ್ ಮಷೀನಿನ ಹುಡುಗಿಯರು ಕಿಸಕ್ಕನೆ ನಕ್ಕರು. ಲಿಫ್ಟಿನವರ ಕಿವಿ ಕೆಂಪಾಯಿತು.

ಒಂದೂವರೆ ವರ್ಷ ಫೋನಿನಲ್ಲಿ ಮಾತು ನಡೆಯಿತು. ನಡುವೆ ಅವರು ಎರಡು ಸಲ ಬಂದುಹೋದರು. ಅವಳು ಅವರಿಗೆ ಹೊಸ ಸೆಟ್ಟನ್ನೇ ಮಾಡಿಕೊಟ್ಟಳು. ಮದುವೆಯ ಮಾತು ಬಂದಾಗ ಹಲ್ಲಕ್ಕ ಮೊದಲು ಹೇಳಿದ್ದು ಮಗಳಿಗೆ. ಮಗಳು ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿಟ್ಟು, ಆಮೇಲೆ ತಾಯಿಯ ಕುತ್ತಿಗೆ ತಬ್ಬಿಕೊಂಡು, “ನೀನು ಸುಖವಾಗಿದ್ರೆ ಸಾಕಮ್ಮ” ಎಂದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದವಳೂ ಅವಳೇ.

ಮದುವೆ ಬೆಳಿಗ್ಗೆ ಹನ್ನೊಂದಕ್ಕೆ ಮುಗಿಯಿತು. ಲಿಫ್ಟಿನವರು ಊರಾಚೆಯ ಒಂದು ಲಾಡ್ಜಿನಲ್ಲಿ ಐದು ದಿನಕ್ಕೆ ಕೋಣೆ ಹಿಡಿದಿದ್ದರು. ಗಂಡ ಹೆಂಡತಿ ಅಲ್ಲಿ ಬ್ಯಾಗು ಇಟ್ಟು ಕಿಟಕಿ ತೆಗೆಯುವಷ್ಟರಲ್ಲಿ ಮಗಳ ಫೋನು ಬಂತು. ಚಿಕ್ಕ ಮಗುವಿಗೆ ನೂರಮೂರು ಜ್ವರ. ಅಳಿಯ ಊರಲ್ಲಿಲ್ಲ. ತನಗೆ ರಾತ್ರಿ ಡ್ಯೂಟಿ, ಬದಲಿಗೆ ಯಾರೂ ಸಿಗುತ್ತಿಲ್ಲ. “ಇದೊಂದು ರಾತ್ರಿ ಬಂದುಬಿಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ.” ಹಲ್ಲಕ್ಕ ಗಂಡನ ಮುಖ ನೋಡಿದಳು. “ಮಗು ಮೊದಲು, ಹೋಗಿ ಬನ್ನಿ” ಎಂದು ಅವರೇ ಆಟೋ ಹತ್ತಿಸಿದರು. ಆ ರಾತ್ರಿ ಅವಳು ಮೊಮ್ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು, ಅವರು ಲಾಡ್ಜಿನಲ್ಲಿ ಒಬ್ಬರೇ ಟೀವಿ ನೋಡುತ್ತ ಕೂತಿದ್ದರು. ಮಾರನೆಯ ದಿನ ಹೋಗಿ ಸೇರಿಕೊಂಡಳು. ನಾಲ್ಕು ದಿನ ಜೊತೆಗಿದ್ದರು. ಆಮೇಲೆ ಲಿಫ್ಟಿನವರು ವಿಮಾನ ಹತ್ತಿದರು, ಅಲ್ಲಿ ತಲುಪಿದ ವಾರದಲ್ಲೇ ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕಿದರು.

ಸಂದರ್ಶನಕ್ಕೆ ಕರೆ ಬರಲು ಎಂಟು ತಿಂಗಳು ಹಿಡಿಯಿತು. ಆ ಹೊತ್ತಿನಲ್ಲಿ ಮಗಳು ಎಲ್ಲದಕ್ಕೂ ಕೈ ಜೋಡಿಸಿದಳು. ಫೋಟೋಗಳನ್ನು ಆಲ್ಬಮ್ಮಿಗೆ ಅಂಟಿಸಿ, ಕೆಳಗೆ ದಿನಾಂಕ ಬರೆದಳು. ಸಂಜೆ ಹೊತ್ತು ಆಫೀಸರ್ ಥರ ಗಂಭೀರವಾಗಿ ಕೂತು, “ನಿಮ್ಮ ಗಂಡ ಹಾಸಿಗೆಯ ಯಾವ ಕಡೆ ಮಲಗ್ತಾರೆ?” ಎಂದು ಕೇಳಿ, ತಾಯಿ ಉತ್ತರಿಸಲು ತಡವರಿಸಿದರೆ ನಗುತ್ತಿದ್ದಳು. ಸಂದರ್ಶನದ ದಿನ ತಾಯಿಯ ಸೀರೆಯನ್ನು ತಾನೇ ಇಸ್ತ್ರಿ ಮಾಡಿ, ಸ್ಕೂಟರಿನಲ್ಲಿ ಕಾನ್ಸುಲೇಟಿನ ಗೇಟಿನವರೆಗೂ ಬಿಟ್ಟು, “ಧೈರ್ಯವಾಗಿ ಮಾತಾಡು” ಎಂದು ಹೇಳಿ ಡ್ಯೂಟಿಗೆ ಹೋದಳು.

ಗೇಟಿನಲ್ಲಿ ಫೋನು ತೆಗೆದುಕೊಂಡು ಬಿಲ್ಲೆ ಕೊಟ್ಟರು. ಬಳೆಗೆ ತಪಾಸಣೆಯ ಮಷೀನು ಕೂಗಿತೆಂದು ಎರಡು ಸಲ ಹಿಂದೆ ಕಳಿಸಿದರು. ಒಳಗೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಗಾಜಿನ ಕಿಟಕಿಗಳು. ಪಕ್ಕದ ಕುರ್ಚಿಯಲ್ಲಿ ಹೊಸ ಮದುವಣಗಿತ್ತಿ ಕಣ್ಣು ಮುಚ್ಚಿಕೊಂಡು ಪರೀಕ್ಷೆಗೆ ಓದುವವಳ ಹಾಗೆ ಗೊಣಗುತ್ತಿದ್ದಳು. “ಕಾರು ಬೂದು ಬಣ್ಣ, ಅತ್ತೆ ಹುಟ್ಟಿದ ವರ್ಷ ಐವತ್ತೊಂಬತ್ತು, ಕಾರು ಬೂದು ಬಣ್ಣ...” ಕಣ್ಣು ಬಿಟ್ಟವಳು ಹಲ್ಲಕ್ಕನನ್ನು ನೋಡಿ, “ಮಗನ ಹತ್ರ ಹೋಗ್ತಿದೀರಾ ಆಂಟಿ?” ಎಂದಳು.

“ಇಲ್ಲಮ್ಮ, ಗಂಡನ ಹತ್ರ.”

ಹುಡುಗಿ ಬಾಯಿಗೆ ಕೈ ಹಿಡಿದು, “ಅಯ್ಯೋ, ಸಾರಿ” ಎಂದಳು. “ಸಾರಿ ಯಾಕೆ? ನನಗೂ ಆಗಾಗ ನಂಬಿಕೆ ಬರಲ್ಲ” ಎಂದು ಹಲ್ಲಕ್ಕ ನಕ್ಕಳು.

ಅವಳ ನಂಬರು ಬಂದಾಗ ಕಿಟಕಿಗೆ ಅಲ್ಲ, ಪಕ್ಕದ ಒಂದು ಸಣ್ಣ ಕೋಣೆಗೆ ಕರೆದರು. ಮೇಜಿನ ಆಚೆ ಓದುವ ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡ ಅಧಿಕಾರಿಣಿ, ಪಕ್ಕದಲ್ಲಿ ಮಾತು ತಿಳಿಸಿ ಹೇಳಲು ದುಭಾಷಿ ಹುಡುಗಿ. ಮೊದಮೊದಲು ಎಲ್ಲ ಸಲೀಸಾಗಿತ್ತು. ಎಲ್ಲಿ ಭೇಟಿಯಾದಿರಿ, ಯಾರು ಮೊದಲು ಕೇಳಿದರು, ಅವರ ಮಗ ಏನು ಮಾಡುತ್ತಾನೆ.

“ನಿಮ್ಮ ಗಂಡನ ಬಗ್ಗೆ ಅವರ ಮನೆಯವರಿಗೆ ಮಾತ್ರ ಗೊತ್ತಿರೋ ಅಂಥ ವಿಷಯ ಏನಾದ್ರೂ ಹೇಳಿ” ಎಂದು ದುಭಾಷಿ ಕೇಳಿದಳು.

“ಬಾಯಿ ಒಳಗಿಂದು ಹೇಳ್ಲಾ?”

ದುಭಾಷಿ ಗಲಿಬಿಲಿಗೊಂಡು ಹಾಗೇ ತಿಳಿಸಿದಳು. ಅಧಿಕಾರಿಣಿ ಕನ್ನಡಕದ ಮೇಲಿಂದ ನೋಡಿದರು. ಹಲ್ಲಕ್ಕ ಶುರು ಮಾಡಿದಳು. “ಮೇಲಿನ ದವಡೆ ಪೂರ್ತಿ ಸೆಟ್ಟು. ಕೆಳಗೆ ಹತ್ತು ಹಲ್ಲು ಅವರವೇ. ಎಡಗಡೆ ಕೋರೆಹಲ್ಲು ಸ್ವಲ್ಪ ತಿರುಗಿದೆ, ಸಿಗರೇಟ್ ಬಿಟ್ಟು ಹನ್ನೆರಡು ವರ್ಷ ಆಯ್ತು ಅಂತಾರೆ, ಹಲ್ಲಿನ ಹಿಂಭಾಗ ನೋಡಿದ್ರೆ ಏಳೆಂಟು ಇರಬಹುದು ಅಷ್ಟೆ. ಮಲಗೋವಾಗ ನನ್ನ ಮುಂದೆ ಸೆಟ್ ತೆಗೆಯೋಕೆ ಎರಡು ದಿನ ನಾಚಿಕೊಂಡ್ರು. ಮಾಡಿದವಳೇ ನಾನು, ನನ್ನ ಹತ್ರ ಎಂಥ ನಾಚಿಕೆ ಅಂದೆ.”

ದುಭಾಷಿ ಹೇಳಿ ಮುಗಿಸುವ ಮೊದಲೇ ಅಧಿಕಾರಿಣಿ ನಕ್ಕುಬಿಟ್ಟರು. ನಗು ಇಳಿದ ಮೇಲೆ ಫೈಲಿನ ಕೆಳಗಿನಿಂದ ಒಂದು ಹಾಳೆ ಎಳೆದು, ಅಕ್ಷರ ತನಗೆ ಮಾತ್ರ ಕಾಣುವ ಹಾಗೆ ಹಿಡಿದುಕೊಂಡರು. ದನಿ ಬದಲಾಯಿತು.

“ಮದುವೆಯ ದಿನ ರಾತ್ರಿ ನೀವು ಎಲ್ಲಿದ್ದಿರಿ?”

ಹಲ್ಲಕ್ಕನಿಗೆ ಮೊದಲು ಅರ್ಥವಾಗಲಿಲ್ಲ. “ಮಗಳ ಮನೇಲಿ” ಎಂದಳು.

“ನಿಮ್ಮ ಗಂಡ?”

“ಲಾಡ್ಜಿನಲ್ಲಿ.”

“ಮದುವೆಯಾದ ದಿನವೇ ಗಂಡ ಹೆಂಡತಿ ಬೇರೆ ಬೇರೆ ಕಡೆ?”

“ಮೊಮ್ಮಗಳಿಗೆ ಜ್ವರ ಇತ್ತು. ಮಗಳು ಕರೆದಳು.”

ಅಧಿಕಾರಿಣಿ ಬರೆದುಕೊಂಡರು. “ನಿಮ್ಮ ಎಡ ಶ್ವಾಸಕೋಶದಲ್ಲಿ ಕಲೆ ಇದೆಯಾ? ಅದಕ್ಕೆ ನಮ್ಮ ದೇಶದಲ್ಲಿ ಚಿಕಿತ್ಸೆ ಸಿಗಲಿ ಅಂತ ಈ ಮದುವೆ ಮಾಡಿಕೊಂಡಿರಾ?”

ಹಲ್ಲಕ್ಕನ ಕೈ ತಾನಾಗಿ ಎದೆಯ ಎಡಭಾಗಕ್ಕೆ ಹೋಯಿತು.

ಮೂರು ತಿಂಗಳ ಹಿಂದೆ ಅವಳಿಗೆ ಕೆಮ್ಮು ಹಿಡಿದಿತ್ತು. ಲ್ಯಾಬಿನ ಪುಡಿ, ಇಷ್ಟು ವರ್ಷ ಕುಡಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಮಗಳು ಹೆದರಿಸಿದ್ದಳು. ತನ್ನ ಊಟದ ಬಿಡುವಿನಲ್ಲಿ, ಚೀಟಿ ಬರೆಸದೆ, ಹೆಸರು ನೋಂದಾಯಿಸದೆ, ತಾಯಿಯನ್ನು ಮಷೀನಿನ ಮುಂದೆ ನಿಲ್ಲಿಸಿ ಎಕ್ಸ್‌ರೇ ತೆಗೆದಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯ ಡಾಕ್ಟರಿಗೆ ಫಿಲಂ ತೋರಿಸಿದಾಗ ಅವರು ಯಾರದು ಎಂದು ಕೂಡ ಕೇಳದೆ, “ಹಳೇ ಕಲೆ, ಯಾವಾಗಲೋ ಬಂದು ಒಣಗಿದ್ದು, ಏನೂ ಇಲ್ಲ” ಎಂದು ಹೋಗಿದ್ದರು. ಕೆಮ್ಮು ವಾರದಲ್ಲಿ ಹೋಯಿತು. ಹಲ್ಲಕ್ಕ ಅದನ್ನು ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಗಾಬರಿಯಾಗುತ್ತಾರೆಂದು ಲಿಫ್ಟಿನವರಿಗೂ ಹೇಳಿರಲಿಲ್ಲ. ಫಿಲಂ ಮಗಳ ಬೀರುವಿನಲ್ಲಿತ್ತು. ಆ ಕಲೆ ಹಲ್ಲಕ್ಕನ ಎದೆಯಲ್ಲಿದೆ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು.

“ಪ್ರಶ್ನೆ ಅರ್ಥ ಆಯ್ತಾ ಅಮ್ಮ?” ದುಭಾಷಿ ಮೆಲ್ಲಗೆ ಕೇಳಿದಳು.

“ಆಯ್ತು. ಕಲೆ ಇದೆ. ಒಣಗಿದ್ದು ಅಂತ ಡಾಕ್ಟ್ರು ಹೇಳಿದಾರೆ. ಚಿಕಿತ್ಸೆಗಲ್ಲ, ಅದು ಗೊತ್ತಾಗಿದ್ದೇ ಮದುವೆ ಆದ್ಮೇಲೆ.” ಅಧಿಕಾರಿಣಿಯ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. “ಆ ಕಾಗದ ಯಾವಾಗ ಬಂತು ಅಂತ ಕೇಳಬಹುದಾ?”

ಅಧಿಕಾರಿಣಿ ಹಾಳೆಯ ಮೇಲಿನ ಮೊಹರು ನೋಡಿ, “ಆರು ವಾರ ಆಯಿತು. ಹೆಸರಿಲ್ಲದ ಪತ್ರ” ಎಂದರು. ಇವತ್ತು ತೀರ್ಮಾನ ಹೇಳಲಾಗುವುದಿಲ್ಲ, ಗಂಡನನ್ನೂ ಕರೆಸಿ ಇನ್ನೊಂದು ಸಂದರ್ಶನ ಮಾಡಬೇಕು, ವೈದ್ಯಕೀಯ ವರದಿ ತರಬೇಕು ಎಂದು ತಿಳಿಸಿ ಫೈಲು ಮುಚ್ಚಿದರು.

ಆರು ವಾರ. ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತು ಹಲ್ಲಕ್ಕ ಬೆರಳು ಮಡಿಸಿ ಎಣಿಸಿದಳು. ಆರು ವಾರದ ಹಿಂದೆಯೇ ಅವಳೂ ಮಗಳೂ ನೆಲದ ಮೇಲೆ ಕಾಲು ಚಾಚಿ ಕೂತು, ನಡುವೆ ಗೋಂದಿನ ಬಾಟಲಿ ಇಟ್ಟುಕೊಂಡು, ಫೋಟೋ ಅಂಟಿಸಿದ್ದು.

ಫೋನು ಆನ್ ಮಾಡಿದಾಗ ಮೊದಲು ಕಂಡದ್ದು ಮಗಳ ಮೆಸೇಜು. “ಏನಾಯ್ತಮ್ಮ? ಚೆನ್ನಾಗಿ ಆಯ್ತಾ?”

ಅದನ್ನು ಹಾಗೇ ಬಿಟ್ಟು ಲಿಫ್ಟಿನವರಿಗೆ ಫೋನು ಮಾಡಿದಳು. ಯಾರೋ ಹೆಸರಿಲ್ಲದೆ ಪತ್ರ ಬರೆದಿದ್ದಾರೆ, ಮದುವೆಯ ರಾತ್ರಿ ಬೇರೆ ಬೇರೆ ಇದ್ದದ್ದನ್ನೂ ಬರೆದಿದ್ದಾರೆ ಎಂದಷ್ಟೇ ಹೇಳಿದಳು. ಎಕ್ಸ್‌ರೇ ವಿಷಯ ಬಾಯಿಗೆ ಬಂದರೂ ಹೊರಗೆ ಬರಲಿಲ್ಲ. ಹೇಳಿದರೆ ಮಗಳ ಹೆಸರು ಹೇಳಿದಂತೆಯೇ.

ಲಿಫ್ಟಿನವರಿಗೆ ಯೋಚಿಸಬೇಕಾಗಿಯೇ ಇರಲಿಲ್ಲ. “ನನ್ನ ಮಗ” ಎಂದರು. “ಅವತ್ತು ರಾತ್ರಿ ಬೇಜಾರಾಗಿ ಅವನಿಗೆ ಫೋನ್ ಮಾಡಿ, ಒಬ್ಬನೇ ಕೂತಿದೀನಿ ಕಣೋ ಅಂದಿದ್ದೆ. ಅವನಿಗೆ ಈ ಮದುವೆ ಮೊದಲಿಂದಲೂ ಇಷ್ಟ ಇರಲಿಲ್ಲ. ಅವನೇ ಡಾಕ್ಟ್ರಮ್ಮ, ಇನ್ಯಾರೂ ಅಲ್ಲ.”

“ಹಾಗೆಲ್ಲ ಅಂದುಕೋಬೇಡಿ” ಎಂದಳು. ಅಷ್ಟೇ ಹೇಳಲು ಆದದ್ದು.

ಮನೆಗೆ ಬಂದಾಗ ಮೂರು ಗಂಟೆ. ಅವತ್ತೊಂದು ದಿನ ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಚಿಕ್ಕವಳು ಬಂದು ಮಲಗಿದ್ದಳು, ದೊಡ್ಡವಳು ಸ್ಕೂಲಿನಿಂದ ಬಂದಿರಲಿಲ್ಲ. ಮಗಳು ಆಗ ತಾನೇ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದಳು.

“ಮೆಸೇಜಿಗೆ ಉತ್ತರಾನೇ ಇಲ್ಲ! ಏನಾಯ್ತು?”

ಹಲ್ಲಕ್ಕ ಚೀಲ ಕೆಳಗಿಟ್ಟಳು. “ಪುಟ್ಟಿ, ನನ್ನ ಎಕ್ಸ್‌ರೇ ಫಿಲಂ ಎಲ್ಲಿದೆ?”

ಮಗಳ ಕೈ ನಿಂತಿತು. ಒಂದೇ ಒಂದು ಕ್ಷಣ. ಮತ್ತೆ ಕೈ ಓಡತೊಡಗಿತು. “ಬೀರುವಲ್ಲಿರಬೇಕು. ಯಾಕೆ?”

“ಕಾನ್ಸುಲೇಟಿನವರು ಕೇಳಿದ್ರು. ಎಡಗಡೆ ಕಲೆ ಇದೆಯಲ್ಲ ಅಂದ್ರು.”

“ಅವರಿಗೆ ಹೇಗೆ ಗೊತ್ತಾಯ್ತು?”

“ಅದನ್ನೇ ನಿನ್ನ ಕೇಳ್ತಿದೀನಿ.”

“ನನಗೇನ್ ಗೊತ್ತಮ್ಮ? ಆಸ್ಪತ್ರೆಯಲ್ಲಿ ಯಾರಾದ್ರೂ...” ಎಂದು ಶುರು ಮಾಡಿದ ಮಗಳು ಅಲ್ಲಿಗೇ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಯಾವ ದಾಖಲೆಯೂ ಇಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊರದ ಮೇಲೆ ಬೀನ್ಸ್ ಹಾಗೇ ಬಿಟ್ಟು ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆಂದು ಹಲ್ಲಕ್ಕ ಎಣಿಸಿದ್ದಳು. ಅಳಲಿಲ್ಲ.

“ನೀನು ಹೋದ್ರೆ ನಾನೇನ್ ಮಾಡ್ಲಿ ಹೇಳು. ಇವರು ಊರಲ್ಲಿರಲ್ಲ. ನನಗೆ ವಾರಕ್ಕೊಂದು ಶಿಫ್ಟು. ಈ ಎರಡು ಮಕ್ಕಳನ್ನ ಯಾರ ಕೈಗೆ ಕೊಡ್ಲಿ?”

“ಕೇಳಬಹುದಿತ್ತಲ್ಲೇ. ಹೋಗಬೇಡಮ್ಮ ಅಂತ ಒಂದು ಮಾತು.”

“ಕೇಳಿದ್ರೆ ನೀನು ಉಳಿದುಬಿಡ್ತಿದ್ದೆ.”

“ಹೂಂ?”

“ಉಳಿದುಬಿಟ್ಟು, ಸಾಯೋವರೆಗೂ ಒಂದು ಮಾತೂ ಆಡದೆ, ನಿನಗೋಸ್ಕರ ಉಳಿದೆ ಅನ್ನೋ ಮುಖ ಹೊತ್ತುಕೊಂಡು ಈ ಮನೇಲಿ ಓಡಾಡ್ತಿದ್ದೆ. ಅದನ್ನ ನೋಡ್ತಾ ಬದುಕೋಕೆ ನನ್ನಿಂದ ಆಗ್ತಿರಲಿಲ್ಲ. ವೀಸಾದವರೇ ಬೇಡ ಅಂದಿದ್ರೆ ಯಾರ ತಪ್ಪೂ ಇರ್ತಿರಲಿಲ್ಲ. ನೀನು ಎರಡು ದಿನ ಅಳ್ತಿದ್ದೆ. ನಾನು ಸಮಾಧಾನ ಮಾಡ್ತಿದ್ದೆ.”

ಸಮಾಧಾನ ಮಾಡ್ತಿದ್ದೆ. ತನ್ನ ತಲೆ ನೇವರಿಸುವ ಕೈಯನ್ನೂ ಮಗಳು ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು.

“ಅವತ್ತಿನ ಜ್ವರ ನಿಜವೇನೇ?” ಎಂದು ಕೇಳಿದಳು.

“ಅಮ್ಮಾ! ಥರ್ಮಾಮೀಟರ್ ನೀನೇ ನೋಡಿದ್ಯಲ್ಲ!”

ಹೌದು, ನೋಡಿದ್ದಳು. ಮಗುವಿನ ಮೈ ಕೆಂಡವಾಗಿದ್ದುದು ಇನ್ನೂ ಅಂಗೈಗೆ ಗೊತ್ತಿತ್ತು. ಆದರೂ ಕೇಳಬೇಕೆನಿಸಿತು. ಗಂಡ ಹೋದ ಮೇಲಿನ ಇಪ್ಪತ್ತೇಳು ವರ್ಷದಲ್ಲಿ ಈ ಹುಡುಗಿ ಹೇಳಿದ ಯಾವ ಯಾವ ಮಾತು ಇನ್ನು ಹೀಗೆ ಮತ್ತೆ ತೆಗೆದು ನೋಡಬೇಕೋ ಎಂದು ಭಯವಾಯಿತು.

“ಜ್ವರದ ಮಗೂನ ನನ್ನ ತೊಡೆ ಮೇಲೆ ಹಾಕಿ ಹೋದವಳು ನೀನು. ಅದನ್ನೇ ಬರೆದ್ಯಲ್ಲ. ಬೇರೇನಾದ್ರೂ ಸುಳ್ಳು ಕಟ್ಟಿ ಬರೆದಿದ್ರೆ ನನಗೆ ಇಷ್ಟು ಉರೀತಿರಲಿಲ್ಲ.”

ಹೊರಗೆ ಸ್ಕೂಲ್ ವ್ಯಾನಿನ ಹಾರ್ನ್ ಕೇಳಿತು. ಹಲ್ಲಕ್ಕ ಎದ್ದು ಹೋಗಿ ದೊಡ್ಡವಳನ್ನು ಇಳಿಸಿಕೊಂಡು, ಕೈಕಾಲು ತೊಳೆಸಿ, ಹಾಲು ಕೊಟ್ಟಳು. ಆ ಕೆಲಸ ಮಾಡಲು ಬೇರೆ ಯಾರಿದ್ದರು?

ಹದಿನಾರು ದಿನ ಹೀಗೇ ನಡೆಯಿತು. ತಾಯಿ ಮಗಳು ಒಂದೇ ಮನೆಯಲ್ಲಿ ಬೇಕಾದಷ್ಟೇ ಮಾತಾಡಿದರು. ಡಬ್ಬಿ ಕಟ್ಟಿದೆಯಾ, ಗ್ಯಾಸ್ ಬಂತಾ, ಚಿಕ್ಕವಳಿಗೆ ಔಷಧಿ ಹಾಕಿದೆಯಾ. ಅಳಿಯ ಟೂರಿನಿಂದ ಬಂದವನು, “ಏನತ್ತೆ, ಮನೇಲಿ ಇಷ್ಟು ಶಾಂತಿ?” ಎಂದು ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ. ಈ ವಿಷಯ ತನ್ನ ಹೊಟ್ಟೆಯಲ್ಲೇ ಇರಲಿ, ಮಗಳು ಮಗಳೇ, ನಾಲ್ಕು ಜನರ ಮುಂದೆ ಅವಳ ಮಾನ ಕಳೆದು ತನಗೇನಾಗಬೇಕು ಎಂದು ಹಲ್ಲಕ್ಕ ತೀರ್ಮಾನಿಸಿಕೊಂಡಿದ್ದಳು.

ಹದಿನೇಳನೆಯ ದಿನ, ಭಾನುವಾರ ಬೆಳಿಗ್ಗೆ, ಲಿಫ್ಟಿನವರ ಫೋನು ಬಂತು. ದನಿ ಕುಗ್ಗಿತ್ತು.

“ಮಗನ ಹತ್ರ ಮಾತು ಮುಗಿಸಿದೆ.”

“ಅಂದ್ರೆ?”

“ನೀನು ನನಗೆ ಮಗನಲ್ಲ ಅಂದುಬಿಟ್ಟೆ. ಅವನು ಆಣೆ ಇಟ್ಟ, ನಾನು ಬರೆದಿಲ್ಲಪ್ಪ ಅಂತ ಅತ್ತ. ನಲವತ್ತು ವರ್ಷದ ಗಂಡಸು. ನಾನು ನಂಬಲಿಲ್ಲ. ಸೊಸೆ ಮಗುವನ್ನ ಎತ್ತಿಕೊಂಡು ಬಾಗಿಲಿಗೆ ಬಂದ್ರೂ ನಾನು ಒಳಗೆ ಕರೀಲಿಲ್ಲ ಡಾಕ್ಟ್ರಮ್ಮ.”

ಹಲ್ಲಕ್ಕ ಫೋನು ಹಿಡಿದುಕೊಂಡೇ ಗೋಡೆಗೆ ಒರಗಿದಳು. ಮಗಳು ಮಾಡಿದ್ದು ಮಗಳದು. ಆದರೆ ಈ ಹದಿನಾರು ದಿನದ್ದು? ತಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ತಾನಿನ್ನೂ ಮುಖ ಕೂಡ ನೋಡದ ಒಬ್ಬ ಮಗ ತಂದೆಯನ್ನು ಕಳೆದುಕೊಂಡಿದ್ದ.

“ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಿ” ಎಂದು ಫೋನಿಟ್ಟಳು.

ಮಗಳು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. “ಅವರಿಗೆ ಹೇಳ್ತೀನಿ” ಎಂದಳು ಹಲ್ಲಕ್ಕ, ಕಾರಣವನ್ನೂ ಹೇಳಿದಳು.

ಮಗಳು ಹಿಡಿದಿದ್ದ ಟವೆಲ್ಲನ್ನು ಹಗ್ಗಕ್ಕೆ ಹಾಕಲಿಲ್ಲ. “ಬೇಡಮ್ಮ. ಅವರು ಕಾನ್ಸುಲೇಟಿಗೆ ಹೇಳಿದ್ರೆ? ಚೀಟಿ ಇಲ್ಲದೆ ಎಕ್ಸ್‌ರೇ ತೆಗೆದಿದ್ದು ಆಸ್ಪತ್ರೆಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಒಂದೇ ಒಂದು ಸಲ ನನಗೋಸ್ಕರ ಸುಮ್ಮನಿರು.”

“ಒಂದೇ ಒಂದು ಸಲ” ಎಂದು ಹಲ್ಲಕ್ಕ ಮೆಲ್ಲಗೆ ಅಂದಳು. ಒಳಗೆ ಹೋಗಿ ಫೋನು ಮಾಡಿದಳು. ಎಕ್ಸ್‌ರೇಯಿಂದ ಹಿಡಿದು ಬೀನ್ಸ್ ಬಿಡಿಸುವಾಗ ಆಡಿದ ಮಾತಿನವರೆಗೂ ಎಲ್ಲ ಹೇಳಿದಳು. ಮಗಳು ಬಾಗಿಲಲ್ಲಿ ಒದ್ದೆ ಟವೆಲ್ಲು ಹಿಡಿದು ನಿಂತು ಕೇಳಿದಳು.

ಲಿಫ್ಟಿನವರು ಪೂರ್ತಿ ಕೇಳಿದರು.

“ನಿಮಗೆ ಅವತ್ತೇ ಗೊತ್ತಿತ್ತು” ಎಂದರು ಕೊನೆಗೆ.

“ಗೊತ್ತಿತ್ತು.”

“ನಾನು ಮಗನ ಹೆಸರು ಹೇಳಿದಾಗ ನೀವು ಸುಮ್ಮನಿದ್ರಿ.”

“ಇದ್ದೆ. ತಪ್ಪಾಯ್ತು.”

“ಈಗ ನಾನು ಅವನಿಗೆ ಯಾವ ಮುಖ ತೋರಿಸ್ಲಿ?”

ಐದು ದಿನ ಅವರ ಫೋನು ಬರಲಿಲ್ಲ. ಮಗಳು ಬಗೆದ ದ್ರೋಹದಿಂದ ನೋಯುತ್ತಿರುವ ತಾನೂ ಒಬ್ಬರಿಗೆ ಅದನ್ನೇ ಮಾಡಿಬಿಟ್ಟೆನಲ್ಲ ಎಂದು ಪ್ಲಾಸ್ಟರ್ ಕಲಸುವಾಗ, ಮೇಣ ಕರಗಿಸುವಾಗ ಅದೇ ಯೋಚನೆ. ಒಂದು ಸೆಟ್ಟಿನಲ್ಲಿ ಎಡಗಡೆ ಹಲ್ಲನ್ನು ಬಲಗಡೆ ಕೂರಿಸಿದಳು. ಮೂವತ್ತೊಂದು ವರ್ಷದಲ್ಲಿ ಅಂಥ ತಪ್ಪು ಮಾಡಿರಲಿಲ್ಲ.

ಆರನೆಯ ದಿನ ಅವರೇ ಫೋನು ಮಾಡಿದರು. ಮಗನ ಮನೆಗೆ ಹೋಗಿ ಕ್ಷಮೆ ಕೇಳಿದ್ದರು. ಮಗ ಒಳಗೆ ಕರೆದ, ಟೀ ಕೊಟ್ಟ. ಆದರೆ ಒಂದು ಮಾತು ಹೇಳಿದ್ದ. “ಕಾಗದ ಯಾರೋ ಬರೆದರು, ಹೋಗ್ಲಿ. ನಾನು ಬರೆದಿಲ್ಲ ಅಂತ ಅತ್ತಾಗ ನೀವು ನಂಬಲಿಲ್ಲವಲ್ಲಪ್ಪ, ಅದನ್ನ ಏನ್ ಮಾಡ್ಲಿ?”

“ಟೀ ಲೋಟ ಅಲ್ಲೇ ಇಟ್ಟು ಎದ್ದು ಬಂದೆ” ಎಂದರು ಲಿಫ್ಟಿನವರು. ಆಮೇಲೆ, “ನಿಮ್ಮ ಮೇಲೆ ಕೋಪ ಇದೆ. ಆದ್ರೂ ಸಂದರ್ಶನಕ್ಕೆ ಬರ್ತೀನಿ” ಎಂದರು.

ಆ ವಾರವೇ ಹಲ್ಲಕ್ಕ ಮಗಳ ಮನೆ ಬಿಟ್ಟಳು. ಲ್ಯಾಬಿನ ಮೇಲ್ಗಡೆ ಹಳೆಯ ಅಚ್ಚುಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಮಾಲೀಕರು ಖಾಲಿ ಮಾಡಿಸಿ ಕೊಟ್ಟರು. ಹೊರಡುವಾಗ ದೊಡ್ಡ ಮೊಮ್ಮಗಳು, “ಅಜ್ಜಿ, ವಿಮಾನ ಹತ್ತೋಕೆ ಹೋಗ್ತಿದೀಯಾ?” ಎಂದಳು. “ಇಲ್ಲ ಕಂದ, ಬಸ್ಸು ಹತ್ತೋಕೆ. ನಾಲ್ಕೇ ಸ್ಟಾಪು” ಎಂದು ಹೇಳಿ ಮುತ್ತು ಕೊಟ್ಟಳು. ಮಗಳು ಬಾಗಿಲವರೆಗೂ ಚೀಲ ಹಿಡಿದು ಬಂದಳು. ಅವಳ ಕೈಯಿಂದ ಚೀಲ ತೆಗೆದುಕೊಂಡು ಹಲ್ಲಕ್ಕ ಮೆಟ್ಟಿಲಿಳಿದಳು.

ಎರಡನೆಯ ಸಂದರ್ಶನ ನಾಲ್ಕು ತಿಂಗಳ ನಂತರ. ಗಂಡ ಹೆಂಡತಿಯನ್ನು ಮೊದಲು ಬೇರೆ ಬೇರೆ, ಆಮೇಲೆ ಒಟ್ಟಿಗೆ ಕೂರಿಸಿದರು. ಈ ಸಲ ಹಲ್ಲಕ್ಕ ಬೇರೆ ಆಸ್ಪತ್ರೆಯಲ್ಲಿ ಚೀಟಿ ಬರೆಸಿ, ಸರದಿಯಲ್ಲಿ ನಿಂತು ತೆಗೆಸಿದ ಎಕ್ಸ್‌ರೇಯನ್ನೂ ಡಾಕ್ಟರ ವರದಿಯನ್ನೂ ತಂದಿದ್ದಳು. ಅದೇ ಅಧಿಕಾರಿಣಿ ಎಲ್ಲ ತಿರುವಿ ನೋಡಿ, ಕೊನೆಗೆ ಕೇಳಿದರು, “ಆ ಪತ್ರ ಯಾರು ಬರೆದದ್ದು ಅಂತ ನಿಮಗೆ ಗೊತ್ತಾ?”

“ಗೊತ್ತು.”

“ಯಾರು?”

“ಹೇಳಲೇಬೇಕು ಅಂತ ಕಾನೂನಿದೆಯಾ?”

ದುಭಾಷಿ ತಿಳಿಸಿದಳು. ಅಧಿಕಾರಿಣಿ ತಲೆಯಾಡಿಸಿ ಇಲ್ಲ ಎಂದರು.

“ಹಾಗಾದ್ರೆ ಬೇಡ. ಅವರಿಗೆ ಇಬ್ಬರು ಚಿಕ್ಕ ಮಕ್ಕಳಿದಾರೆ.”

ಅಧಿಕಾರಿಣಿ ಪೆನ್ನು ಕೆಳಗಿಟ್ಟು ಹಲ್ಲಕ್ಕನನ್ನೇ ನೋಡಿದರು. ಅರ್ಥವಾಯಿತೋ ಏನೋ, ಮುಂದೆ ಅದರ ಬಗ್ಗೆ ಕೇಳಲಿಲ್ಲ. ಮೂರು ವಾರದಲ್ಲಿ ವೀಸಾ ಬಂತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಗಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಲ್ಯಾಬಿನ ಮೇಲಿನ ಕೋಣೆಗೆ ಬಂದಳು. ಮಕ್ಕಳು ಮೂಲೆಯಲ್ಲಿ ಉಳಿದಿದ್ದ ಪ್ಲಾಸ್ಟರ್ ದವಡೆಗಳನ್ನು ಹಿಡಿದು ಒಂದಕ್ಕೊಂದು ಮಾತಾಡಿಸಿದರು. ಮಗಳು ಮಂಚದ ತುದಿಯಲ್ಲಿ ಕೂತು ಸೀರೆಗಳನ್ನು ಮಡಿಸಿಕೊಟ್ಟಳು.

“ನನಗೀಗ ಬರೀ ಬೆಳಗಿನ ಡ್ಯೂಟಿ ಅಮ್ಮ” ಎಂದಳು. “ಮಕ್ಕಳಿದಾರೆ ಅಂತ ಇನ್‌ಚಾರ್ಜ್ ಮೇಡಂಗೆ ಒಂದು ಅರ್ಜಿ ಕೊಟ್ಟೆ. ಒಂದೇ ವಾರದಲ್ಲಿ ಮಾಡಿಕೊಟ್ರು. ಮಧ್ಯಾಹ್ನದವರೆಗೆ ಪಕ್ಕದ ಬೀದಿಯ ಟೀಚರು ಚಿಕ್ಕವಳನ್ನ ನೋಡ್ಕೋತಾರೆ.”

“ಮೊದಲೇ ಯಾಕೆ ಕೇಳಲಿಲ್ಲ?”

“ನೀನಿದ್ಯಲ್ಲ.”

ಹಲ್ಲಕ್ಕ ಸೂಟ್‌ಕೇಸಿನ ಜಿಪ್ಪು ಎಳೆದಳು. “ಒಳ್ಳೇದಾಯ್ತು” ಎಂದಳು.

ಮಗಳು ಅವಳ ಕೈ ಹಿಡಿದುಕೊಂಡಳು. ಈಗ ಅಳುತ್ತಿದ್ದಳು. “ನನ್ನ ಕ್ಷಮಿಸಿದ್ಯೇನಮ್ಮ?”

“ಇನ್ನೂ ಇಲ್ಲ” ಎಂದಳು ಹಲ್ಲಕ್ಕ. ಸುಳ್ಳು ಹೇಳಬಾರದೆಂದು ಹಾಗೆ ಹೇಳಿದ್ದು. ಕೈಯನ್ನೇನೂ ಬಿಡಿಸಿಕೊಳ್ಳಲಿಲ್ಲ.

ಈಗ ಅವಳು ಹೋಗಿ ಎರಡು ವರ್ಷ. ಲಿಫ್ಟಿನವರ ಮಗ ಮೊದಲ ವರ್ಷ ಮನೆಗೆ ಬರಲಿಲ್ಲ. ಈಗ ತಿಂಗಳಿಗೊಮ್ಮೆ ಮಗುವನ್ನು ಕರೆದುಕೊಂಡು ಬಂದು, ಕೋಟು ಕೂಡ ಬಿಚ್ಚದೆ ಒಂದು ಗಂಟೆ ಕೂತು ಹೋಗುತ್ತಾನೆ. ಪ್ರತಿ ಭಾನುವಾರ ಮಗಳ ವೀಡಿಯೋ ಕಾಲ್ ಬರುತ್ತದೆ. ಮೊಮ್ಮಕ್ಕಳು ಫೋನು ಕಿತ್ತುಕೊಂಡು ಹಾಡು, ಜಗಳ, ಬಿದ್ದ ಹಲ್ಲು ಎಲ್ಲ ತೋರಿಸುತ್ತಾರೆ. ಹಲ್ಲಕ್ಕ ಹೊಟ್ಟೆ ತುಂಬ ನಗುತ್ತಾಳೆ.

ಕೊನೆಗೆ ಫೋನು ಮಗಳ ಕೈಗೆ ಹೋಗುತ್ತದೆ.

ಹೋದ ವಾರ ಹಲ್ಲಕ್ಕ ಮೆಟ್ಟಿಲಲ್ಲಿ ಜಾರಿ ಪಾದ ತಿರುಚಿಕೊಂಡಿದ್ದಳು. ಲಿಫ್ಟಿನವರು ಬ್ಯಾಂಡೇಜು ಸುತ್ತಿ ಕಾಲನ್ನು ದಿಂಬಿನ ಮೇಲೆ ಇಟ್ಟಿದ್ದರು. ಮಗಳು ಕರೆ ಮಾಡಿದಾಗ ಅವಳು ಮುಖವಷ್ಟೇ ಕಾಣುವ ಹಾಗೆ ಫೋನನ್ನು ಹತ್ತಿರ ಹಿಡಿದಳು.

“ಹೇಗಿದೀಯಮ್ಮ? ಮೈ ಹುಷಾರಾಗಿದೆಯಾ?”

“ಚೆನ್ನಾಗಿದೀನಿ ಪುಟ್ಟಿ. ಎಲ್ಲ ಚೆನ್ನಾಗಿದೆ.”

ಪಕ್ಕದಲ್ಲಿ ಕೂತಿದ್ದ ಲಿಫ್ಟಿನವರು ತಲೆಯೆತ್ತಿ ನೋಡಿದರು. ಫೋನಿಗೆ ಕಾಣದ ಹಾಗೆ ಅವಳ ಕಾಲಿನ ಕೆಳಗಿನ ದಿಂಬನ್ನು ಸರಿಮಾಡಿದರು.